ಮಂಗನಿಗೆ ಮಣ್ಣು ಕೊಟ್ಟವನು

ಮಂಗನ ಕಾಯಿಲೆ ಸಾಗರದ ಸುತ್ತ ಹಬ್ಬಿದ್ದ ಬೇಸಿಗೆ. ಕೆಳದಿಯಾಚೆಯ ಹಳ್ಳಿಯೊಂದಕ್ಕೆ ಆರೋಗ್ಯ ಇಲಾಖೆಯ ಡಾಕ್ಟರು ಜೀಪಿನಲ್ಲಿ ಬಂದರು. ಹನುಮಂತನ ಗುಡಿಯ ಜಗಲಿಯಲ್ಲಿ ಕುಳಿತು ಅರ್ಚಕ ಗಜಾನನ ಭಟ್ಟರಿಗೆ ವಿಷಯ ತಿಳಿಸಿದರು. ಸತ್ತ ಮಂಗನ ಮೈಮೇಲಿನ ಉಣುಗು ಕಚ್ಚಿದರೆ ಜ್ವರ ಬರುತ್ತದೆ, ಕೆಲವರು ಉಳಿಯುವುದಿಲ್ಲ, ಯಾರೂ ಹತ್ತಿರ ಹೋಗಬಾರದು.

ಭಟ್ಟರಿಗೆ ಸಂಕಟವಾಯಿತು. ಗುಡಿಯ ಬಳಿ ಮಂಗ ಸತ್ತರೆ ಅರ್ಚಕನೇ ಎತ್ತಿ, ಬಿಳಿಬಟ್ಟೆ ಹೊದಿಸಿ, ಮಣ್ಣು ಕೊಡುವುದು ಅಲ್ಲಿಯ ಪದ್ಧತಿ. ಹಾಗಾದರೆ ಸಂಸ್ಕಾರ ಬಿಡಬೇಕೋ ಎಂದು ಕೇಳಿದರು.

"ಮುಟ್ಟಿದ್ರೆ ಏನಾಗ್ತದೆ ಅಂತ ನನ್ನ ಶಾಸ್ತ್ರ ಹೇಳ್ತದೆ ಭಟ್ರೆ. ಬಿಡ್ಬೇಕೋ ಬೇಡ್ವೋ ಅನ್ನೋದನ್ನ ನೀವೇ ಯೋಚ್ನೆ ಮಾಡಿ."

ವಾರದೊಳಗೆ ಗುಡಿಯ ಹಿಂದೆ ಒಂದು ಮಂಗ ಸತ್ತು ಬಿತ್ತು. ಭಟ್ಟರು ಯೋಚಿಸಿದರು. ದೇವರ ಸ್ವರೂಪವನ್ನು ನಾಯಿನರಿಗೆ ಬಿಡಲು ಮನಸ್ಸಾಗಲಿಲ್ಲ. ಮುಟ್ಟಲು ಧೈರ್ಯ ಬರಲಿಲ್ಲ. ಗುಡಿಯ ಅಂಗಳ ಗುಡಿಸುವ ಹುಲಿಯಪ್ಪನನ್ನು ಕರೆದು, ಡಾಕ್ಟರ ಮಾತು ತಿಳಿಸದೆ, ತನಗೆ ಸೊಂಟ ಹಿಡಿದಿದೆ, ನೀನೇ ಎತ್ತು ಎಂದರು. ಎಂದೂ ತನ್ನ ಪಾಲಿಗೆ ಬಾರದ ಪುಣ್ಯ ಬಂತೆಂದು ಹುಲಿಯಪ್ಪ ಮಿಂದು ಬಂದು, ಮಂಗನನ್ನು ಮಗುವಿನಂತೆ ಎದೆಗವಚಿಕೊಂಡು ನಡೆದ. ಭಟ್ಟರು ದೂರದಲ್ಲಿ ನಿಂತು ಮಂತ್ರ ಹೇಳಿದರು.

ಕೆಲವೇ ದಿನಗಳಲ್ಲಿ ಹುಲಿಯಪ್ಪ ಮಲಗಿದ. ಕೆಂಡದಂಥ ಜ್ವರ, ಒಸಡಿನಲ್ಲಿ ರಕ್ತ. ಭಟ್ಟರು ತೀರ್ಥ ತೆಗೆದುಕೊಂಡು ಹೋದರೆ ಅವನ ಹೆಂಡತಿ ಹಾಲಮ್ಮ ಅಂಥ ಹೊತ್ತಿನಲ್ಲೂ ಕೇಳಿದಳು: "ಸೊಂಟ ವಾಸಿ ಆಯ್ತಾ ಒಡೆಯಾ? ನಿಮ್ಗೇನೂ ಆಗ್ಲಿಲ್ವಲ್ಲ, ಅದೇ ಸಮಾಧಾನ." ಭಟ್ಟರು ಹುಲಿಯಪ್ಪನ ಬಾಯಿಗೆ ತೀರ್ಥ ಬಿಟ್ಟರು.

ಅಷ್ಟರಲ್ಲಿ ಜೀಪು ಬಂತು. ಡಾಕ್ಟರು ರೋಗಿಯನ್ನು ನೋಡಿ, ಹಾಲಮ್ಮನಿಂದ ನಡೆದದ್ದನ್ನೆಲ್ಲ ಕೇಳಿ ತಿಳಿದು, ಭಟ್ಟರತ್ತ ತಿರುಗಿದರು.

"ನಾನು ಅಷ್ಟು ಹೇಳಿದ್ದೆನಲ್ಲ ಭಟ್ರೆ, ಮುಟ್ಬೇಡಿ ಅಂತ?"

"ನಾನು ಮುಟ್ಟಲಿಲ್ಲ," ಎಂದರು ಭಟ್ಟರು.

ಆಡಿದ ಮಾತು ತಮ್ಮ ಕಿವಿಗೇ ಬಿದ್ದಾಗ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಡಾಕ್ಟರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಹುಲಿಯಪ್ಪನನ್ನು ಕಳಿಸೆಂದು ಶಾಸ್ತ್ರವೂ ಹೇಳಿರಲಿಲ್ಲ, ದೇವರೂ ಹೇಳಿರಲಿಲ್ಲ. ಅದು ಅವರೊಬ್ಬರದೇ ತೀರ್ಮಾನ.

ಹಾಲಮ್ಮ ತಲೆಯೆತ್ತಿ ಅವರನ್ನೇ ನೋಡುತ್ತಿದ್ದಳು.

ಹುಲಿಯಪ್ಪನನ್ನು ಸಾಗರದ ಆಸ್ಪತ್ರೆಗೆ ಒಯ್ಯಬೇಕಿತ್ತು. ಡ್ರೈವರು ಕಾಲು ಹಿಡಿದ. ಭಟ್ಟರು ಮಡಿಪಂಚೆಯನ್ನು ಎತ್ತಿಕಟ್ಟಿ, ತಲೆಯ ಕಡೆ ಬಗ್ಗಿ ಕೈ ಚಾಚಿದರು.

"ಬ್ಯಾಡಿ ಒಡೆಯಾ," ಎಂದಳು ಹಾಲಮ್ಮ, ದನಿ ಏರಿಸದೆ. "ನೀವು ಮುಟ್ಬ್ಯಾಡಿ."

ಗಂಡನ ತೋಳಿನಡಿ ಕೈ ಕೊಟ್ಟು ಅವಳೇ ಎತ್ತಿದಳು. ಭಟ್ಟರು ದಾರಿ ಬಿಟ್ಟು ನಿಂತರು.