ತೂತಿಲ್ಲದ ಗುಂಡಿ

ಅತ್ತೆಯ ಬಾಯಿ ತೆರೆಸಿ ಸೊಸೆ ನೋಡಬೇಕು ಎಂಬ ನಿಯಮ ಮಾಡಿದವರ ಮನೆಯಲ್ಲಿ ಅತ್ತೆಯೂ ಇರಲಿಲ್ಲ, ಸೊಸೆಯೂ ಇರಲಿಲ್ಲ ಎಂದು ತೋರುತ್ತದೆ. ನಿಯಮದಲ್ಲಿ ಹಾಗೆಂದು ಬರೆದಿರಲಿಲ್ಲ, ನಿಜ. ಕ್ಷಯ ಹಿಡಿದವರು ದಿನವೂ ಆರೋಗ್ಯ ಕಾರ್ಯಕರ್ತೆಯ ಕಣ್ಣೆದುರಿಗೇ ಮಾತ್ರೆ ನುಂಗಬೇಕು, ಆಮೇಲೆ ಅವಳು ನಾಲಿಗೆ ಎತ್ತಿಸಿ ನೋಡಬೇಕು, ಅಷ್ಟೆ. ಒಳ್ಳೆಯ ನಿಯಮವೇ. ಕೆಮ್ಮು ನಿಂತು ಮೈ ಹಗುರಾದೊಡನೆ ಮಾತ್ರೆ ಬಿಟ್ಟವರು ಮತ್ತೆ ಹಾಸಿಗೆ ಹಿಡಿದು ಏಳದೇ ಹೋದದ್ದನ್ನು ಕಂಡು, ಎಲ್ಲೋ ಕೂತ ಯಾರೋ ಪುಣ್ಯಾತ್ಮರು ಅದನ್ನು ಮಾಡಿದ್ದರು. ಆದರೆ ಆ ಬೀದಿಯ ಕಾರ್ಯಕರ್ತೆ ಆ ಮನೆಯ ಸೊಸೆ. ಕ್ಷಯ ಬಂದದ್ದು ಅದೇ ಮನೆಯ ಅತ್ತೆಗೆ.

ಅತ್ತೆಯೂ ಸಾಮಾನ್ಯಳಲ್ಲ. ಸರಕಾರಿ ಶಾಲೆಯ ಮಕ್ಕಳ ಬಿಳಿ ಅಂಗಿಗಳನ್ನೆಲ್ಲ ಹೊಲಿಯುತ್ತಿದ್ದವಳು. ಬೀದಿಗೆ ಮುಖ ಮಾಡಿದ ಕಿಟಕಿಯ ಪಕ್ಕದಲ್ಲಿ ಅವಳ ಹೊಲಿಗೆ ಮಿಷನ್ನು. ಎಲ್ಲಿಗೆ ಹೊರಟೆ, ಯಾಕೆ ಹೊರಟೆ, ಯಾವಾಗ ಬರ್ತೀಯ ಎಂಬ ಪ್ರಶ್ನೆಗಳಿಗೆ ಉತ್ತರ ಕೊಡದೆ ಯಾರೂ ಆ ಕಿಟಕಿಯನ್ನು ದಾಟುವಂತಿರಲಿಲ್ಲ. ಅದಕ್ಕೇ ಬೀದಿಯವರು ಬೆನ್ನ ಹಿಂದೆ ಅವಳನ್ನು ಠಾಣೆಯಮ್ಮ ಎನ್ನುತ್ತಿದ್ದರು. ಗಂಡ ತೀರಿಹೋದ ಮೇಲೆ ಆ ಮಿಷನ್ನನ್ನು ತುಳಿದು ತುಳಿದೇ ಮಗನನ್ನು ಬಸ್ಸಿನ ಡ್ರೈವರ್ ಮಾಡಿದ್ದಳು. ಸೊಸೆ ಮನೆಗೆ ಕಾಲಿಟ್ಟಂದಿನಿಂದ ಅವಳ ಅಡುಗೆಯ ಉಪ್ಪು, ಅವಳು ಬಾಗಿಲು ಹಾಕುವ ಸದ್ದು, ಎಲ್ಲಕ್ಕೂ ಆ ಠಾಣೆಯಲ್ಲಿ ವಿಚಾರಣೆ ನಡೆದಿತ್ತು. ಹಾಗೆಂದು ಹೊರಗಿನವರು ಸೊಸೆಯ ಬಗ್ಗೆ ತುಟಿ ಬಿಚ್ಚುವಂತಿರಲಿಲ್ಲ. ಅವಳು ಕಾರ್ಯಕರ್ತೆಯಾಗಿ ಮನೆಮನೆ ತಿರುಗುವುದನ್ನು ನೆರೆಯವಳೊಬ್ಬಳು ಆಡಿಕೊಂಡಾಗ, ನನ್ನ ಸೊಸೆ ನಿಮ್ಮ ಮಕ್ಕಳ ತೂಕ ನೋಡೋಕೆ ಬರ್ತಾಳೆ, ನಿನ್ನ ನಾಲಿಗೆ ಉದ್ದ ಅಳೆಯೋಕಲ್ಲ ಎಂದು ಕಿಟಕಿಯಿಂದಲೇ ಬಾಯಿ ಮುಚ್ಚಿಸಿದ್ದಳು.

ರೋಗ ಗೊತ್ತಾದ ದಿನ ಆರೋಗ್ಯ ಕೇಂದ್ರದ ನರ್ಸಮ್ಮ, ಬೇಕಾದರೆ ಪಕ್ಕದ ಬೀದಿಯ ಕಾರ್ಯಕರ್ತೆ ಬಂದು ಮಾತ್ರೆ ಕೊಡಲಿ ಎಂದಿದ್ದರು. ಕಂಡವರ ಮುಂದೆ ಬಾಯಿ ತೆರೆಯುವುದಿಲ್ಲ ಎಂದು ಅತ್ತೆ ಹಟ ಹಿಡಿದಳು. ಹೀಗೆ ಕೆಲಸ ಸೊಸೆಯ ತಲೆಗೇ ಬಂತು.

ದಿನಾ ಬೆಳಿಗ್ಗೆ ತಟ್ಟೆಯಲ್ಲಿ ಇಟ್ಟಿಗೆ ಬಣ್ಣದ ಮಾತ್ರೆಗಳನ್ನೂ ಪಕ್ಕದಲ್ಲಿ ಒಂದು ಲೋಟ ನೀರನ್ನೂ ಇಡುವಳು. ಅತ್ತೆ ಕೈಯನ್ನು ಬಾಯಿಗೆ ಒಯ್ಯುತ್ತಿದ್ದಂತೆ ಸೊಸೆಯ ಕತ್ತು ತಾನಾಗಿ ಕಿಟಕಿಯ ಕಡೆ ತಿರುಗುವುದು. ಹಿರಿಯರ ಬಾಯೊಳಗೆ ಹೇಗೆ ಇಣುಕುವುದು? ಬೇರೆ ಮನೆಗಳಲ್ಲಾದರೆ ನಾಲಿಗೆ ಎತ್ತಿ, ಆ ಅನ್ನಿ ಎಂದು ಮಕ್ಕಳಿಗೆ ಹೇಳಿದಂತೆ ಹೇಳಿ ನೋಡುತ್ತಿದ್ದವಳೇ. ಇಲ್ಲಿ ಮಾತ್ರ ನುಂಗಿದ್ರಾ ಅತ್ತೆ ಎಂದು ಕಿಟಕಿಯನ್ನು ಕೇಳುವಳು. ನುಂಗದೆ ನೆಟ್ಟು ಬೆಳೆಸ್ತೀನಾ ಎಂದು ಅತ್ತೆ ಗದರುವಳು. ಸೊಸೆ ಚೀಟಿಯಲ್ಲಿ ಗುರುತು ಹಾಕುವಳು.

ಅತ್ತೆ ಬೇಗ ವಾಸಿಯಾಗಲಿ ಎಂದು ಮನೆಯಲ್ಲಿ ಎಲ್ಲರಿಗಿಂತ ಆತುರದಲ್ಲಿದ್ದ ಜೀವವೆಂದರೆ ಮೊಮ್ಮಗಳು. ಹುಟ್ಟಿದಾಗಿನಿಂದ ಅಜ್ಜಿಯ ಮಗ್ಗುಲಲ್ಲೇ ಮಲಗಿ ರೂಢಿ. ಕಫದ ಪರೀಕ್ಷೆಯಲ್ಲಿ ರೋಗ ಇಲ್ಲವೆಂದು ಬರುವ ತನಕ ಕೂಡದು ಎಂದು ನರ್ಸಮ್ಮ ಹೇಳಿದ್ದರು. ಅದಕ್ಕೇ ಪ್ರತಿ ಸಂಜೆ ದಿಂಬನ್ನು ಕಂಕುಳಲ್ಲಿ ಇರುಕಿಕೊಂಡು ಅಜ್ಜಿಯ ಕೋಣೆಯ ಹೊಸ್ತಿಲಲ್ಲಿ ನಿಂತು, ಅಜ್ಜೀ, ಇವತ್ತು ಎಂದು ಕೇಳುವಳು. ಇವತ್ತಲ್ಲ ಪುಟ್ಟಿ ಎಂದು ಅಜ್ಜಿ ಗೋಡೆಯ ಕಡೆ ಹೊರಳುವಳು.

ಮೊದಲ ತಿಂಗಳು ಕೆಮ್ಮು ತಗ್ಗಿತು. ಸೊಸೆ ದೇವರಿಗೆ ಕೈ ಮುಗಿದಳು. ಆಮೇಲೆ ಒಂದು ದಿನ ಪಾತ್ರೆ ತೊಳೆಯುತ್ತಿದ್ದವಳಿಗೆ ಒಳಗಿನಿಂದ ಆ ಹಳೆಯ ಕೆಮ್ಮು ಕೇಳಿಸಿತು, ಬಾವಿಯ ತಳದಿಂದ ಬಂದಂತೆ. ಧೂಳಿಗೆ ಬಂದಿದ್ದೀತು ಎಂದುಕೊಂಡಳು. ಮಾರನೆಯ ದಿನವೂ ಕೇಳಿಸಿತು.

ಅದೇ ವಾರ ಮಗಳ ಶಾಲೆಯ ಅಂಗಿಯ ಗುಂಡಿ ಕಿತ್ತುಬಂತು. ಅತ್ತೆ ಸ್ನಾನಕ್ಕೆ ಹೋಗಿದ್ದಳು. ಸೊಸೆ ಮಿಷನ್ನಿನ ಕೆಳಗಿನ ಗುಂಡಿ ಡಬ್ಬಿಯನ್ನು ತೆಗೆದು ಬಿಳಿಯ ಗುಂಡಿಗಾಗಿ ಬೆರಳಾಡಿಸಿದಳು. ಕಪ್ಪು, ನೀಲಿ, ಹಿತ್ತಾಳೆಯವು. ಒಂದು ಇಟ್ಟಿಗೆ ಬಣ್ಣದ ಗುಂಡಿ ಬೆರಳಿಗೆ ಹತ್ತಿತು. ಅದಕ್ಕೆ ತೂತಿರಲಿಲ್ಲ. ಡಬ್ಬಿಯ ತಳ ಕೆದಕಿದರೆ ತೂತಿಲ್ಲದವು ಇನ್ನೂ ಎಷ್ಟೋ.

ಅವಳಿಗೆ ಮೊದಲು ಬಂದದ್ದು ಸಿಟ್ಟು. ಬಾಯಲ್ಲಿ ಸೂಜಿ ಕಚ್ಚಿಕೊಂಡು, ಬೆರಳ ಸಂದಿಯಲ್ಲಿ ಪಿನ್ನು ಸಿಕ್ಕಿಸಿಕೊಂಡು ಹಾಡು ಗುನುಗುವ ದರ್ಜಿ ಕೈಗೆ ಮೂರು ಮಾತ್ರೆ ಅಡಗಿಸುವುದು ಯಾವ ಲೆಕ್ಕ. ಸಿಟ್ಟಿನ ಹಿಂದೆಯೇ ಭಯ ಬಂತು: ಬಿಟ್ಟುಬಿಟ್ಟು ನುಂಗಿದರೆ ರೋಗ ಮೊಂಡಾಗುತ್ತದೆ, ಆಮೇಲೆ ಈ ಮಾತ್ರೆಗೂ ಬಗ್ಗುವುದಿಲ್ಲ. ನರ್ಸಮ್ಮನ ಹತ್ತಿರ ಓಡಲೇ ಎನಿಸಿತು. ಓಡಿದರೆ ಅತ್ತೆಯ ಮಾನ ಹೋಗುತ್ತದೆ. ಅಲ್ಲದೆ ನೋಡದೆಯೇ ಗುರುತು ಹಾಕಿದ ಕೈ ತನ್ನದೇ. ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು, ದೇವರೇ, ನನ್ನ ನಾಲಿಗೆಯನ್ನು ನೀನೇ ಹಿಡಿದು ನಡೆಸು ಎಂದು ಬೇಡಿಕೊಂಡಳು. ಎಷ್ಟೋ ಮನೆಗಳ ಹೊಸ್ತಿಲಲ್ಲಿ ನಿಂತು ಬೇಡಿದ್ದುಂಟು; ತನ್ನ ಮನೆಯ ಒಳಗೆ ಕೂತು ಬೇಡಿದ್ದು ಅದೇ ಮೊದಲು.

ಅತ್ತೆ ಬಂದು ಮಿಷನ್ನಿಗೆ ಕೂತ ಮೇಲೆ ಸೊಸೆ ಅವಳ ಕಾಲ ಬಳಿ ನೆಲದ ಮೇಲೆ ಕೂತಳು. ಹೊಲಿಯುತ್ತಿದ್ದ ಬಿಳಿ ಬಟ್ಟೆಯ ಮೇಲೆ ಒಂದು ಮಾತ್ರೆ ಇಟ್ಟಳು.

"ಅತ್ತೆ, ಈ ಗುಂಡಿಗೆ ತೂತಿಲ್ಲ. ಎಲ್ಲಿ ಹೊಲೀಲಿ?"

ಚಕ್ರ ನಿಂತಿತು. ಅತ್ತೆ ಮಾತ್ರೆಯನ್ನು ಎರಡು ಬೆರಳಲ್ಲಿ ಎತ್ತಿಕೊಂಡಳು. ಆಮೇಲೆ, ಬಿಸಾಕೋಕೆ ಮನಸ್ಸು ಬರಲಿಲ್ಲ, ಪುಕ್ಕಟೆ ಬಂದದ್ದಾದರೂ ಯಾರದೋ ಬೆವರಿನದು, ಬೇರೆ ಯಾರಿಗಾದರೂ ಆದೀತು ಅಂತ ಇಟ್ಟೆ ಎಂದಳು. ಬೇಕಾಗಿರುವುದು ನಿಮಗೇ ಎಂದು ಸೊಸೆ ಹೇಳಿದ್ದಕ್ಕೆ ಅತ್ತೆ ಬೇಡವೆಂದು ತಲೆಯಾಡಿಸಿದಳು. ಠಾಣೆಯಮ್ಮನ ಗಂಟಲು ಅಷ್ಟು ತಗ್ಗಿದ್ದನ್ನು ಸೊಸೆ ಎಂದೂ ಕೇಳಿರಲಿಲ್ಲ.

"ಈ ಮಾತ್ರೆ ನನ್ನನ್ನ ಒಳಗಿಂದ ಕರಗಿಸ್ತಾ ಇದೆ. ಬಚ್ಚಲಿಗೆ ಹೋದ್ರೆ ಕೆಂಪಗೆ ಹೋಗುತ್ತೆ. ರಕ್ತ ಅದು. ಒಂದು ತಿಂಗಳು ತಡ್ಕೊಂಡೆ, ಆಮೇಲೆ ನುಂಗೋಕೆ ಧೈರ್ಯ ಬರಲಿಲ್ಲ. ಹೋಗೋದೇ ಆದ್ರೆ ಕೆಮ್ಮಿ ಹೋಗ್ತೀನಿ, ರಕ್ತ ಸೋರಿ ಹೋಗಲ್ಲ. ಇನ್ನು ನಿನ್ನ ಹತ್ರ ಹೇಗೆ ಹೇಳಲಿ? ಸೊಸೆ ಮುಂದೆ ಆಡೋ ಮಾತಾ ಅದು?"

ತರಬೇತಿಯ ದಿನ ನರ್ಸಮ್ಮ ಬೆರಳೆತ್ತಿ ಹೇಳಿದ್ದು ಸೊಸೆಯ ಕಿವಿಯಲ್ಲಿ ಮತ್ತೆ ಕೇಳಿಸಿತು: ಈ ಮಾತ್ರೆಗೆ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ, ಬೆವರು, ಕಣ್ಣೀರು ಕೂಡ, ಏನೂ ಕೇಡಿಲ್ಲ, ಆದರೆ ಮೊದಲೇ ಹೇಳದಿದ್ದರೆ ಜನ ಹೆದರುತ್ತಾರೆ. ಮಾತ್ರೆ ಕೊಟ್ಟ ಪ್ರತಿ ಮನೆಯಲ್ಲೂ ನಗುನಗುತ್ತಾ ಹೇಳಿದ್ದಳು. ಈ ಮನೆಯಲ್ಲಿ ಮಾತ್ರ, ಅತ್ತೆಯ ಮುಂದೆ ಬಚ್ಚಲಿನ ಮಾತೇ ಎಂದು ನಾಲಿಗೆ ಹಿಂದಕ್ಕೆ ಸರಿದಿತ್ತು. ನಾಳೆ ಹೇಳಿದರಾಯಿತು ಎಂದುಕೊಂಡಿದ್ದಳು. ಆ ನಾಳೆ ಬಂದೇ ಇರಲಿಲ್ಲ.

"ಅದು ರಕ್ತ ಅಲ್ಲ ಅತ್ತೆ, ಮಾತ್ರೆ ಬಣ್ಣ. ನಾನು ಹೇಳಬೇಕಿತ್ತು. ನಾಚ್ಕೊಂಡೆ."

ಅತ್ತೆ ಅವಳ ಮುಖವನ್ನೇ ನೋಡಿದಳು. ಬೇರೆ ಮನೆಗಳಲ್ಲಿ ಹೇಳಿದ್ದೆಯಾ ಎಂದು ಕೇಳಿದಳು. ಸೊಸೆ ತಲೆ ತಗ್ಗಿಸಿ ಹೂಂ ಎಂದಳು.

"ಬೀದಿಗೆಲ್ಲ ಗೊತ್ತು, ಠಾಣೆಗೇ ಸುದ್ದಿ ಬರಲಿಲ್ಲ ಅನ್ನು."

ತನ್ನ ಅಡ್ಡಹೆಸರು ಅವಳಿಗೆ ಗೊತ್ತಿತ್ತು! ಸೊಸೆಗೆ ಅಳಬೇಕೋ ನಗಬೇಕೋ ತಿಳಿಯದೆ ಎರಡೂ ಒಟ್ಟಿಗೆ ಬಂದವು. ಅತ್ತೆ ಅವಳ ನೆತ್ತಿಯ ಮೇಲೆ ಕೈಯಿಟ್ಟಳು. ಆ ಕೈ ಎಷ್ಟು ಹಗುರಾಗಿತ್ತೆಂದರೆ ಸೊಸೆಯ ನಗು ಅಲ್ಲೇ ನಿಂತಿತು.

ಮಾರನೆಯ ದಿನ ಇಬ್ಬರೂ ಡಬ್ಬಿಯ ಸಮೇತ ಆರೋಗ್ಯ ಕೇಂದ್ರಕ್ಕೆ ಹೋದರು. ನರ್ಸಮ್ಮ ಬಾಯಿ ತೆರೆದು ತೋರಿಸದವಳಿಗೂ ಬೈದರು, ನೋಡದವಳಿಗೂ ಬೈದರು. ಯಾರಿಗೂ ಕಡಿಮೆ ಮಾಡಲಿಲ್ಲ. ವೈದ್ಯರನ್ನು ಕೇಳಿ, ಕಫವನ್ನು ಮತ್ತೆ ಪರೀಕ್ಷೆಗೆ ಕಳಿಸಿದರು. ದೇವರು ದೊಡ್ಡವನು, ರೋಗ ಇನ್ನೂ ಮೊಂಡು ಬಿದ್ದಿರಲಿಲ್ಲ. ಬಿಟ್ಟ ದಿನಗಳನ್ನೆಲ್ಲ ಕೊನೆಗೆ ಸೇರಿಸಿಕೊಟ್ಟರು.

ಅಂದಿನಿಂದ ಸೊಸೆ ಕಿಟಕಿಗೆ ಬೆನ್ನು ಹಾಕಿ, ಅತ್ತೆಗೆ ಎದುರಾಗಿ ಕೂತಳು. ಅತ್ತೆ ನುಂಗಿ, ನಾಲಿಗೆ ಎತ್ತಿ, ನೋಡಿಕೋ, ಉಳಿದಿರೋ ಹಲ್ಲುಗಳಿಗೂ ಒಂದು ಗುರುತು ಹಾಕಿಬಿಡು ಎನ್ನುವಳು. ಮೊದಲ ದಿನ ಇಬ್ಬರ ಮುಖವೂ ಕೆಂಪಾಗಿತ್ತು. ಆಮೇಲೆ ಅದೂ ಉಪ್ಪಿನ ವಿಚಾರಣೆಯಂತೆ ಮನೆಯ ದಿನಚರಿಗಳಲ್ಲಿ ಒಂದಾಯಿತು.

ಮಳೆಗಾಲ ಹೋಗಿ ಬಿಸಿಲು ಬಂತು. ಒಂದು ಸಂಜೆ ಸೊಸೆ ಆರೋಗ್ಯ ಕೇಂದ್ರದಿಂದ ಬರುವಾಗ ನಡಿಗೆ ಓಟವಾಗಿತ್ತು. ಕಿಟಕಿಯ ಪ್ರಶ್ನೆಗಳಿಗೂ ನಿಲ್ಲದೆ ಒಳಗೆ ಬಂದು, ಕಫದಲ್ಲಿ ಏನೂ ಇಲ್ಲವಂತೆ ಎಂದಳು. ಇನ್ನು ಮಗು ಪಕ್ಕದಲ್ಲಿ ಮಲಗಬಹುದಂತೆ. ಮಾತ್ರೆ ಮಾತ್ರ ಮುಗಿಯುವ ತನಕ ಬಿಡುವಂತಿಲ್ಲವಂತೆ.

ಅತ್ತೆ ಮಿಷನ್ನು ತುಳಿಯುವುದನ್ನು ನಿಲ್ಲಿಸಿದಳು. ಶಾಲೆಯ ಅಂಗಿಯೊಂದರ ಕಾಲರು ಸೂಜಿಯ ಕೆಳಗಿತ್ತು. ಅಷ್ಟರಲ್ಲಿ ಹೊಸ್ತಿಲಲ್ಲಿ ದಿಂಬು ಕಾಣಿಸಿತು.

"ಅಜ್ಜೀ, ಇವತ್ತು?"

ಅಜ್ಜಿ ಹೂಂ ಎಂದು ತಲೆಯಾಡಿಸಿದಳು. ಆಡಿಸುವಾಗ ಕಣ್ಣಿಂದ ಒಂದು ಹನಿ ಬಿಳಿ ಕಾಲರಿನ ಮೇಲೆ ಬಿತ್ತು. ಬಿದ್ದಲ್ಲಿ ತೆಳುವಾದ ಕಿತ್ತಳೆ ಬಣ್ಣ ಅರಳಿತು. ಇಷ್ಟು ವರ್ಷ ಎಷ್ಟೋ ಮಕ್ಕಳಿಗೆ ಬಿಳಿ ಅಂಗಿ ಹೊಲಿದವಳು ಒಂದರ ಮೇಲೂ ಕಲೆ ಬೀಳಿಸಿರಲಿಲ್ಲ. ಮೂವರೂ ಬಗ್ಗಿ ಅದನ್ನು ನೋಡಿದರು.

"ಕಂಡೆಯಾ, ಮಾತ್ರೆ ಒಳಗೇ ಇದೆ," ಎಂದಳು ಅತ್ತೆ, ಮೂಗು ಒರೆಸಿಕೊಳ್ಳುತ್ತ. "ಇನ್ನು ನಾಳೆಯಿಂದ ಬಾಯಿ ತೆರೆಯೋದು ಬೇಡ ತಾನೆ?"

"ತೆರೀಬೇಕು ಅತ್ತೆ," ಎಂದು ಸೊಸೆ ಅವಳ ಕಣ್ಣನ್ನೇ ನೋಡುತ್ತ ಹೇಳಿ, ಅಂಗಿಯನ್ನು ತೊಳೆಯಲು ಎತ್ತಿಕೊಂಡಳು.