ಒಳಗೆ ಎಷ್ಟು ಜನ?

ಗುಡ್ಡ ಜರಿದು ಕಾವಲುಕೋಣೆಯ ಕಬ್ಬಿಣದ ಬಾಗಿಲು ಮಣ್ಣಿನಲ್ಲಿ ಹೂತುಹೋಗಿತ್ತು. ಒಳಗೆ ಇಬ್ಬರು ಸಿಪಾಯಿಗಳಿದ್ದರು. ಒಬ್ಬನ ತೊಡೆಯ ಮೇಲೆ ಸೂರಿನ ತೊಲೆ ಬಿದ್ದಿತ್ತು. ಇನ್ನೊಬ್ಬನಿಗೆ ತರಚು ಗಾಯವೂ ಆಗಿರಲಿಲ್ಲ.

ತೊಲೆಯ ಕೆಳಗಿದ್ದವನನ್ನು ಪಡೆಯಲ್ಲಿ ಎಲ್ಲರೂ ಮಾವ ಎನ್ನುತ್ತಿದ್ದರು. ನೀರು ಕೇಳಲು ಹೋದಲ್ಲೂ ಅಕ್ಕ, ಅತ್ತೆ ಎಂದು ನಂಟು ಕಟ್ಟಿಕೊಂಡು ಬರುವ ಮನುಷ್ಯ. ಇನ್ನೊಬ್ಬನಿಗೆ ಅವರಿಟ್ಟ ಹೆಸರು ಚಿಲಕ. ಮಲಗುವ ಮುಂಚೆ ಬಾಗಿಲ ಚಿಲಕ ಜಗ್ಗಿ ನೋಡುವನು. ಹಾಸಿಗೆಗೆ ಹೋದವನು ಮತ್ತೆ ಎದ್ದು ಬಂದು ಜಗ್ಗುವನು. ಕೆಳಗಿನ ಹಳ್ಳಿಯವರು ಒರತೆಗೆ ಬರುವ ದಾರಿಗೆ ಮುಳ್ಳುತಂತಿ ಎಳೆದವನೂ ಅವನೇ.

ಬೆಳಿಗ್ಗೆಯಿಂದ ಮಾವನ ದನಿ ಇಳಿಯುತ್ತ ಬಂದಿತ್ತು. ಆಗ ಹೊರಗೆ ಗುದ್ದಲಿಯ ಸದ್ದು ಕೇಳಿಸಿತು.

"ಬಂದ್ರು ನೋಡು," ಎಂದ ಮಾವ, ಚಿಲಕನ ತೋಳು ಹಿಡಿದು. "ಕೂಗೋ. ನನ್ನ ಕೈಲಾಗಲ್ಲ."

"ಉಸಿರೆತ್ತಬೇಡ. ನಮ್ಮವರಾಗಿದ್ರೆ ಸೀಟಿ ಊದ್ತಿದ್ರು."

"ಹಳ್ಳಿಯವರಿರಬೇಕು."

"ತಂತಿ ಎಳೆದೋನನ್ನ ಉಳಿಸೋಕೆ ಬರ್ತಾರಾ? ಬಂದೂಕು ಎತ್ಕೊಂಡು ಹೋಗೋಕೆ ಬಂದಿರ್ತಾರೆ."

"ನಿಮ್ಮೂರಲ್ಲಿ ಹಸು ಗುಂಡಿಗೆ ಬಿದ್ರೆ, ಯಾರ ಹಸು ಅಂತ ಕೇಳ್ಕೊಂಡು ಎತ್ತುತ್ತಿದ್ರೇನೋ?"

"ಕೇಳ್ತಿದ್ರು. ನಮ್ಮದು ಬಿದ್ದಾಗ ಕೇಳಿದ್ರು. ಎತ್ತಲಿಲ್ಲ."

ಹೊರಗೆ ಗುದ್ದಲಿ ನಿಂತಿತು. ಅವರು ಕಿವಿಗೊಟ್ಟು ಕೇಳುತ್ತಿದ್ದರೇನೋ. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಶುರುವಾಯಿತು. ಈ ಸಲ ದೂರದಲ್ಲಿ, ಕೋಣೆಯ ಹಿಂದಿದ್ದ ಬಚ್ಚಲಿನ ಕಡೆ.

"ಆ ಕಡೆ ಹೋಗ್ತಿದ್ದಾರೆ ಕಣೋ," ಎಂದ ಮಾವ. ತೋಳು ಹಿಡಿದಿದ್ದ ಕೈ ಜಾರಿ ನೆಲಕ್ಕೆ ಬಿತ್ತು.

ಚಿಲಕ ಎದ್ದ. ಆ ದಪ್ಪ ಬಾಗಿಲಿಗೆ ಮುಷ್ಟಿಯ ಗುದ್ದು ಸಾಲದು. ಬಂದೂಕಿನ ಹಿಡಿಯಿಂದಲೇ ಬಡಿಯಬೇಕು. ಗುಂಡು ತುಂಬಿದ ಬಂದೂಕಿನಿಂದ ಏನನ್ನೂ ಬಡಿಯಬಾರದೆಂದು ಮೊದಲ ವಾರದಲ್ಲೇ ಬೈದು ಕಲಿಸಿದ್ದರು. ಅವನು ಮಾವನ ಮುಖ ನೋಡಿದ. ಗುಂಡುಗಳನ್ನು ತೆಗೆದು ಜೇಬಿಗೆ ಹಾಕಿಕೊಂಡ. ಬಡಿದ.

ಗುದ್ದಲಿಗಳು ನಿಂತವು. ಹೆಜ್ಜೆಗಳು ಓಡಿ ಬಂದವು. ಮಣ್ಣಿನಾಚೆಯಿಂದ ಒಬ್ಬ ಹೆಂಗಸಿನ ದನಿ: "ಒಳಗೆ ಎಷ್ಟು ಜನ ಇದ್ದೀರಪ್ಪಾ?"

ಲೆಕ್ಕ ಕೇಳುವವರಿಗೆ ನಿಜ ಹೇಳಬಾರದು. ಖಾಲಿ ಬಂದೂಕು ಹಿಡಿದವನಂತೂ ಹೇಳಲೇಬಾರದು.

"ಹತ್ತು ಜನ!" ಎಂದು ಅರಚಿದ ಚಿಲಕ. "ಎಲ್ಲರ ಕೈಲೂ ಬಂದೂಕಿದೆ!"

"ಹತ್ತು ಜನಾನಾ! ಹಾಗಾದ್ರೆ ಹೀಗೆ ಕೆದಕಿದ್ರೆ ಆಗಲ್ಲ ಕಣ್ರೋ. ಮೇಲಿಂದ ಸೂರೇ ಬಿಚ್ಚಬೇಕು. ನಡೀರಿ, ಹಗ್ಗ, ಹಲಗೆ ತರೋಣ, ಊರೋರನ್ನೆಲ್ಲ ಕರೀರಿ!"

ಹೆಜ್ಜೆಗಳು ಇಳಿಜಾರಿನಲ್ಲಿ ಇಳಿಯತೊಡಗಿದವು. ಸೂರು ಬಿಚ್ಚಿದರೆ ಉಳಿದ ತೊಲೆಗಳೂ ಮಾವನ ಮೇಲೇ ಬೀಳುತ್ತವೆ. ಅಷ್ಟು ಹೊತ್ತು ಅವನು ಉಳಿಯುವುದೂ ಕಷ್ಟ. ಚಿಲಕ ಹುಚ್ಚನಂತೆ ಬಡಿದ.

"ಇಬ್ಬರೇ! ಇಬ್ಬರೇ ಇರೋದು!"

ಹೆಜ್ಜೆಗಳು ನಿಂತವು.

"ಅಯ್ಯಯ್ಯೋ, ಎಂಟು ಜನ ಹೋಗ್ಬಿಟ್ರಾ!" ಹೆಂಗಸು ಗೋಳೋ ಎಂದಳು. ಅವಳ ಜೊತೆ ಇನ್ಯಾರೋ ಬಿಕ್ಕಿದರು.

ಇಲ್ಲದ ಎಂಟು ಜನರಿಗಾಗಿ ಅವರು ಅಳುವುದನ್ನು ಚಿಲಕ ಹಣೆಯನ್ನು ಬಾಗಿಲಿಗೊತ್ತಿ ಕೇಳಿದ.

"ಯಾರೂ ಹೋಗಿಲ್ಲಮ್ಮ. ಇರಲೇ ಇಲ್ಲ. ನಾನು ಸುಳ್ಳು ಹೇಳ್ದೆ. ಒಬ್ಬನ ಮೇಲೆ ತೊಲೆ ಬಿದ್ದಿದೆ, ಸೂರು ಮುಟ್ಟಬೇಡಿ."

ಅಳು ನಿಂತಿತು. ಅವನ ಕೈ ತಾನಾಗಿಯೇ ಜೇಬಿನ ಗುಂಡುಗಳ ಮೇಲೆ ಹೋಗಿತ್ತು.

"ಥೂ ನಿನ್ನ! ಸುಮ್ಸುಮ್ನೆ ಅಳಿಸಿದ್ಯಲ್ಲೋ! ತಂತಿ ಎಳೆದೋನು ನೀನೇ ತಾನೇ?"

"ಹೂಂ."

"ಅನ್ಕೊಂಡೆ. ಬಾಗಿಲ ಹತ್ರಾನೇ ಅಗೀತೀವಿ. ಒಳಗಿಂದ ಚಿಲಕ ತೆಗೆದಿಡು."

ಗುದ್ದಲಿಗಳು ಬಾಗಿಲ ಬಳಿಯೇ ಬೀಳತೊಡಗಿದವು. ಹಿಂದೆ ಮಾವ ಒಮ್ಮೆ ಕೆಮ್ಮಿದ. ಚಿಲಕ ಮಬ್ಬುಗತ್ತಲಲ್ಲಿ ಬಾಗಿಲು ತಡವಿದ. ಮಣ್ಣು ಜರಿದ ಮೇಲೂ ಎದ್ದು ಹೋಗಿ ಅವನೇ ಚಿಲಕ ಹಾಕಿದ್ದ. ಭಾರಕ್ಕೆ ಅದು ಬಾಗಿ ಕಚ್ಚಿಕೊಂಡಿತ್ತು. ಬಂದೂಕು ಕೆಳಗಿಟ್ಟು ಎರಡೂ ಕೈಯಲ್ಲಿ ಹಿಡಿದು ಜಗ್ಗತೊಡಗಿದ.