ಹದಿನೇಳನೆಯ ಕಂಪನಿ

ಪ್ರೊಫೆಸರರಿಗೆ ಅನುಮಾನ ಹುಟ್ಟಿದ್ದು ನಾಲ್ಕನೆಯ ಕೋಷ್ಟಕದಲ್ಲಿ. ಅಲ್ಲಿಯವರೆಗೆ ಅವರು ಕಾಲು ಚಾಚಿಕೊಂಡು, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು ಅರೆಮನಸ್ಸಿನಿಂದ ಓದುತ್ತಿದ್ದರು. ಸಂಶೋಧನಾ ಪತ್ರಿಕೆಯೊಂದು ಅಭಿಪ್ರಾಯ ಕೇಳಿ ಕಳಿಸಿದ್ದ ಪ್ರಬಂಧ ಅದು. ಅಚ್ಚು ಹಾಕಬಹುದೋ ಬೇಡವೋ ಎಂದು ಇವರು ಹೇಳಬೇಕು. ಬರೆದವರು ಯಾರೆಂದು ಇವರಿಗೆ ತಿಳಿಸುವುದಿಲ್ಲ, ಓದಿದವರು ಯಾರೆಂದು ಅವರಿಗೂ ತಿಳಿಸುವುದಿಲ್ಲ. ಆ ವೃತ್ತಿಯ ಕಣ್ಣುಮುಚ್ಚಾಲೆ ಅದು. ಎರಡು ಪುಟ ಓದಿದರೆ ಸಾಕು, ಬರೆದವರನ್ನು ಹಿಡಿದುಬಿಡುತ್ತೇನೆ ಎಂದು ಪ್ರೊಫೆಸರರಿಗೆ ಭಾರಿ ಹೆಮ್ಮೆ. ಮೂರರಲ್ಲಿ ಎರಡು ಸಲ ತಪ್ಪುತ್ತಿದ್ದರು, ಅದು ಬೇರೆ ಮಾತು.

ಕಂಪನಿಗಳ ಆಡಳಿತ ಮಂಡಳಿಯಲ್ಲಿ ಹೊರಗಿನಿಂದ ಬಂದು ಕೂರುವ ಸ್ವತಂತ್ರ ನಿರ್ದೇಶಕರು ವರ್ಷಕ್ಕೆ ಎಷ್ಟು ಪ್ರಶ್ನೆ ಕೇಳುತ್ತಾರೆ ಎಂಬುದು ಪ್ರಬಂಧದ ವಿಷಯ. ಸಭೆಯ ನಡಾವಳಿಗಳನ್ನು ಮುಂದಿಟ್ಟುಕೊಂಡು ಯಾರೋ ಒಂದೊಂದು ಪ್ರಶ್ನೆಯನ್ನೂ ಎಣಿಸಿದ್ದರು. ಕಂಪನಿಗಳಿಗೆ ಹೆಸರಿಲ್ಲ, ಬರೀ ಸಂಖ್ಯೆ. ಆ ಸಂಖ್ಯೆ ಒಂದರಿಂದ ಶುರುವಾಗದೆ ಹನ್ನೊಂದರಿಂದ ಶುರುವಾಗಿದ್ದನ್ನು ನೋಡಿ ಪ್ರೊಫೆಸರರು ಮೂಗು ಮುರಿದರು. ಎಣಿಸುವುದಕ್ಕೂ ಬಾರದವರು ಎಂದುಕೊಂಡರು.

ಆಮೇಲೆ ಹದಿನೇಳನೆಯ ಕಂಪನಿ ಬಂತು. ಅದರ ಒಬ್ಬ ಸ್ವತಂತ್ರ ನಿರ್ದೇಶಕ ಹಣಕಾಸು ಶಾಸ್ತ್ರದ ಅಧ್ಯಾಪಕನಂತೆ. ಮೊದಲ ವರ್ಷ ಅವನು ಕೇಳಿದ ಪ್ರಶ್ನೆಗಳು ಮೂವತ್ತೊಂದು. ಮರುವರ್ಷ ಇಪ್ಪತ್ತು. ಆಮೇಲೆ ಹನ್ನೊಂದು, ನಾಲ್ಕು, ಎರಡು. ಆರನೆಯ ವರ್ಷ ಒಂದೇ ಒಂದು. ಆ ಒಂದನ್ನು ಅಡಿಟಿಪ್ಪಣಿಯಲ್ಲಿ ಇದ್ದಂತೆಯೇ ಕೊಟ್ಟಿದ್ದರು: ‘ಮುಂದಿನ ಸಭೆ ಯಾವಾಗ?’

ಪ್ರೊಫೆಸರರು ಚಾಚಿದ್ದ ಕಾಲನ್ನು ಒಳಕ್ಕೆ ಎಳೆದುಕೊಂಡರು. ಮೊದಲ ವರ್ಷದ ಮೂವತ್ತೊಂದು ತಾವೇ ಎಣಿಸಿ ಹೆಮ್ಮೆಪಟ್ಟಿದ್ದ ಲೆಕ್ಕ. ಆ ಅಧ್ಯಾಪಕ ತಾವೇ.

ಅವರ ಇಡೀ ಬಾಳು ನಿಂತಿದ್ದೇ ಪ್ರಶ್ನೆಯ ಮೇಲೆ. ಮೂವತ್ತೈದರ ವಯಸ್ಸಿನಲ್ಲಿ ಬರೆದ ಒಂದು ಪ್ರಬಂಧ ಅವರನ್ನು ಮೇಲಕ್ಕೆತ್ತಿತು. ಹೊರಗಿನ ನಿರ್ದೇಶಕರು ಬಾಯಿಬಿಟ್ಟು ಕೇಳುವ ಕಂಪನಿಗಳು ಅಷ್ಟು ಸುಲಭಕ್ಕೆ ಮುಳುಗುವುದಿಲ್ಲ ಎಂದು ಅದರಲ್ಲಿ ತೋರಿಸಿದ್ದರು. ತರಗತಿಯಲ್ಲೂ ಅದೇ ಹಟ. ಪ್ರಶ್ನೆ ಕೇಳದವರಿಗೆ ಹಾಜರಿ ಕೊಡುತ್ತಿರಲಿಲ್ಲ. ಹುಡುಗರು ಬೆನ್ನ ಹಿಂದೆ ‘ಪ್ರಶ್ನೆ ಮೇಷ್ಟ್ರು’ ಎನ್ನುತ್ತಿದ್ದರು, ಅದು ಕಿವಿಗೆ ಬಿದ್ದಾಗ ಇವರಿಗೆ ಒಳಗೊಳಗೇ ಖುಷಿ. ಆ ಹೆಸರೇ ಅವರನ್ನು ಔಷಧದ ಬಾಟಲಿ ತಯಾರಿಸುವ ಕಂಪನಿಯೊಂದರ ಮಂಡಳಿಗೆ ಕರೆಸಿತ್ತು. ಇನ್ನೊಂದು ಅವಧಿಗೆ ಮುಂದುವರಿಸುವ ಪ್ರಸ್ತಾವ ಮುಂದಿನ ಗುರುವಾರದ ಸಭೆಯಲ್ಲಿ ಬರುವುದಿತ್ತು.

ಮಧ್ಯಾಹ್ನ ಊಟಕ್ಕೆ ಕೂತಾಗಲೂ ಪ್ರಬಂಧ ಪಕ್ಕದಲ್ಲೇ ಇತ್ತು.

“ಯಾರೋ ನನ್ನ ಬೆನ್ನಿಗೆ ಬಿದ್ದಿದ್ದಾರೆ ಕಣೇ” ಎಂದರು ಹೆಂಡತಿಗೆ. “ನಮ್ಮ ಬೋರ್ಡ್ ಸಭೆಯ ಮಿನಿಟ್ಸ್ ಹೊರಗೆ ಹೋಗಿದೆ.”

ಹೆಂಡತಿ ಎಡಗೈಯಲ್ಲಿ ಹಾಳೆ ತಿರುವಿ ಅಡಿಟಿಪ್ಪಣಿ ಓದಿದರು. ಮೊದಲು ನಗು ಬಂತು, ಆಮೇಲೆ ಹುಬ್ಬು ಗಂಟಿಕ್ಕಿದರು. “ಇದನ್ನ ನೀವು ಕೇಳಿರೋಕೆ ಸಾಧ್ಯವೇ ಇಲ್ಲ ಬಿಡಿ. ವರ್ಷದ ಸಭೆಯೆಲ್ಲ ಮೊದಲೇ ಡೈರೀಲಿ ಬರ್ಕೊಂಡಿರೋ ಪ್ರಾಣಿ ನೀವು. ನಮ್ಮ ಮದುವೆ ದಿನ ಮರೀತೀರಿ, ಸಭೆ ದಿನ ಮರೆಯಲ್ಲ.”

ಪ್ರೊಫೆಸರರ ತುತ್ತು ಅರ್ಧದಲ್ಲೇ ನಿಂತಿತು. ಹೌದಲ್ಲ! ಹಾಗೆ ಕೇಳಿದ ನೆನಪೇ ಅವರಿಗಿರಲಿಲ್ಲ. ಡೈರಿ ತಂದು ನೋಡಿದರು, ಆ ವರ್ಷದ ನಾಲ್ಕೂ ಸಭೆಗಳು ಜನವರಿಯ ಪುಟದಲ್ಲೇ ಕೆಂಪು ಶಾಯಿಯಲ್ಲಿ ಕೂತಿದ್ದವು. ಅಂದರೆ ಇವರು ಕೇಳದೇ ಇದ್ದದ್ದನ್ನು ಯಾರೋ ಇವರ ಬಾಯಿಗೆ ತುರುಕಿದ್ದಾರೆ. ನಡಾವಳಿ ಬರೆಯುವವರು ಒಬ್ಬರೇ, ಕಂಪನಿಯ ಕಾರ್ಯದರ್ಶಿ. ಹದಿನಾಲ್ಕು ವರ್ಷದಿಂದ ಮೇಜಿನ ತುದಿಯಲ್ಲಿ ಕೂತು ತಲೆ ತಗ್ಗಿಸಿ ಬರೆದುಕೊಳ್ಳುವ, ಕೆಮ್ಮಿದರೂ ಸೆರಗು ಅಡ್ಡ ಹಿಡಿದು ಕೆಮ್ಮುವ ಹೆಂಗಸು. ಬರೆದು ಗೇಲಿ ಮಾಡಿದವಳೂ ಅವಳೇ, ಹೊರಗೆ ದಾಟಿಸಿದವಳೂ ಅವಳೇ!

ಒಂದು ಸಲ ಅನುಮಾನದ ಬೀಜ ಬಿದ್ದರೆ ಪ್ರೊಫೆಸರರ ತಲೆಯಲ್ಲಿ ಅದಕ್ಕೆ ಗೊಬ್ಬರ ಹಾಕುವ ಅಗತ್ಯವಿರಲಿಲ್ಲ. ಕಳೆದ ಸಭೆಯಲ್ಲಿ ಆಕೆ ತಮ್ಮನ್ನು ಎರಡು ಸಲ ತಲೆಯೆತ್ತಿ ನೋಡಿದ್ದು ನೆನಪಾಯಿತು. ಮೊನ್ನೆ ಗುರುವಾರದ ಸಭೆಯ ಕಾಗದಪತ್ರದ ಕಟ್ಟು ಕೈಗಿಡುವಾಗ “ನಲವತ್ತನೇ ಪುಟ ಸ್ವಲ್ಪ ನೋಡಿ ಸರ್” ಎಂದಿದ್ದಳು. ಯಾಕೆ ಹಾಗಂದಳು? ನಾನು ಓದುವುದೇ ಇಲ್ಲ ಎಂದು ಚುಚ್ಚಿದಳೇ? ನಲವತ್ತನೇ ಪುಟ ನೋಡಿದ್ದರೋ ಇಲ್ಲವೋ, ಅದು ಮಾತ್ರ ನೆನಪಾಗಲಿಲ್ಲ.

ಮರುದಿನ ಬೆಳಿಗ್ಗೆ ತರಗತಿಯಲ್ಲಿ ಮೂರನೇ ಸಾಲಿನ ಹುಡುಗಿಯೊಬ್ಬಳು ಹಾಜರಿಗಾಗಿ ಕೈ ಎತ್ತಿದಳು. “ಸರ್, ಕಂಪನಿ ಬೋರ್ಡಲ್ಲಿ ಪ್ರಶ್ನೆ ಕೇಳಿದ್ರೆ ಅವ್ರು ಬೇಜಾರು ಮಾಡ್ಕೊಳಲ್ವಾ?” ಎಲ್ಲರೂ ನಕ್ಕರು. ಪ್ರೊಫೆಸರರು ನಗಲಿಲ್ಲ. ಇವಳಿಗೂ ಗೊತ್ತಾಗಿದೆ ಎಂದು ಅವಳ ಮುಖವನ್ನೇ ದಿಟ್ಟಿಸಿದರು. ಪಾಪ, ಅವಳಿಗೆ ಬೇಕಾಗಿದ್ದು ಹಾಜರಿ ಅಷ್ಟೇ. ತರಗತಿ ಮುಗಿದದ್ದೇ ಕೋಣೆಯ ಬಾಗಿಲು ಹಾಕಿಕೊಂಡು ಬಾಟಲಿ ಕಂಪನಿಯ ಅಧ್ಯಕ್ಷರಿಗೆ ಫೋನು ಮಾಡಿದರು.

“ನಮ್ಮ ಮಿನಿಟ್ಸ್ ಹೊರಗೆ ಹೋಗಿದೆ. ಯಾರು ಅಂತ ನನ್ನ ಬಾಯಿಂದ ಹೇಳ್ಬಾರ್ದು. ಆದ್ರೆ ಬರೆಯೋರು ಒಬ್ಬರೇ ಅಲ್ವೇ?”

ಆ ಕಡೆಯಿಂದ ಅಧ್ಯಕ್ಷರ ದನಿ ಬೆಣ್ಣೆಯ ಹಾಗೆ ಬಂತು. “ಒಳ್ಳೇದಾಯ್ತು ಮೇಷ್ಟ್ರೇ, ಹೇಳಿದ್ದು. ನೀವು ತಲೆ ಕೆಡಿಸ್ಕೋಬೇಡಿ. ನಾನು ನೋಡ್ಕೋತೀನಿ.”

ಪ್ರೊಫೆಸರರು ತಲೆ ಕೆಡಿಸಿಕೊಳ್ಳಲಿಲ್ಲ. ಪ್ರಬಂಧ ಅಚ್ಚಿಗೆ ಯೋಗ್ಯವಲ್ಲ ಎಂದು ಎರಡು ಪುಟ ಖಾರವಾಗಿ ಬರೆದು, ಕಳಿಸುವ ಮುನ್ನ ಇನ್ನೊಮ್ಮೆ ಓದೋಣವೆಂದು ಇಟ್ಟುಕೊಂಡರು.

ಬುಧವಾರ ಸಂಜೆ ಹೆಂಡತಿ ಹಳೆಯ ಕಬ್ಬಿಣದ ಬೀರು ಖಾಲಿ ಮಾಡುತ್ತಿದ್ದರು. “ಇದು ರದ್ದಿಗೋ, ಇಡೋದೋ?” ಎಂದು ಒಂದು ನೀಲಿ ಕಡತವನ್ನು ಪ್ರೊಫೆಸರರ ಮಡಿಲ ಮೇಲೆ ಹಾಕಿದರು. ತೆರೆದರೆ ಒಳಗೆ ತಮ್ಮದೇ ಕೈಬರಹದ ಪಟ್ಟಿ. ಏಳು ವರ್ಷದ ಹಿಂದೆ ತಾವೇ ಹುಮ್ಮಸ್ಸಿನಿಂದ ಶುರುಮಾಡಿ ಕೈಬಿಟ್ಟಿದ್ದ ಅಧ್ಯಯನ. ಒಂದಂಕಿಯ ಸಂಖ್ಯೆಗಳು ಟೈಪು ಮಾಡುವಾಗ ತಪ್ಪುತ್ತವೆ ಎಂದು ಕಂಪನಿಗಳಿಗೆ ಹನ್ನೊಂದರಿಂದ ಸಂಖ್ಯೆ ಕೊಟ್ಟಿದ್ದರು, ಅದು ಇವರ ಹಳೆಯ ರೂಢಿ. ಹನ್ನೊಂದು, ಹನ್ನೆರಡು, ಹೀಗೆ ಬೆರಳು ಕೆಳಗಿಳಿಯಿತು. ಹದಿನೇಳರ ಮುಂದೆ ‘ನಮ್ಮದೇ’ ಎಂದು ಬರೆದು ಕೆಳಗೆ ಗೆರೆ ಎಳೆದಿದ್ದರು.

ಅದರ ಹಿಂದೆ ಒಂದು ಪತ್ರದ ಪ್ರತಿ. ಪ್ರತಿವರ್ಷದ ನಡಾವಳಿಯನ್ನು ಹೆಸರು ತೆಗೆದು ವಿಶ್ವವಿದ್ಯಾಲಯದ ಸಂಶೋಧನೆಗೆ ಕಳಿಸತಕ್ಕದ್ದು, ಇದು ಕಾರ್ಯದರ್ಶಿಗೆ ಕಾಯಂ ಸೂಚನೆ. ಕೆಳಗೆ ಅಧ್ಯಕ್ಷರ ಸಹಿ. ಕೇಳಿಕೊಂಡವರ ಜಾಗದಲ್ಲಿ ಪ್ರೊಫೆಸರರ ಸಹಿ. ಕೊನೆಯ ಹಾಳೆಯಲ್ಲಿ ಹಳೆಯ ಶಿಷ್ಯೆಯೊಬ್ಬಳಿಗೆ ಬರೆದ ಎರಡು ಸಾಲು: ‘ಬೋರ್ಡಿನ ಕೆಲಸದಲ್ಲಿ ನನಗೆ ಪುರುಸೊತ್ತಿಲ್ಲ. ಇದನ್ನು ನೀನು ಮುಂದುವರಿಸು.’

ಪಾಪ, ಆ ಶಿಷ್ಯೆ ಮುಂದುವರಿಸಿ ಈ ಪ್ರಬಂಧ ಬರೆದಿದ್ದಳು. ಕಾರ್ಯದರ್ಶಿ ವರ್ಷವರ್ಷವೂ ತಪ್ಪದೆ ಕಳಿಸಿದ್ದಳು. ಮರೆತವರು ಇವರೊಬ್ಬರೇ. ನಾಚಿಕೆಯಿಂದ ಪ್ರೊಫೆಸರರ ಕಿವಿಯ ತುದಿ ಬಿಸಿಯಾಯಿತು. ಆ ಹೆಂಗಸಿನ ಮೇಲೆ ಎಂಥ ಮಾತು ಆಡಿಬಿಟ್ಟೆ! ಕೂಡಲೇ ಅಧ್ಯಕ್ಷರಿಗೆ ಫೋನು ಮಾಡಿದರು. ಎತ್ತಲಿಲ್ಲ. ಮತ್ತೆ ಮಾಡಿದರು, ಎತ್ತಲಿಲ್ಲ.

ಗುರುವಾರ ಹತ್ತಕ್ಕೆ ಸಭೆ. ಉದ್ದನೆಯ ಮೇಜು, ಒಬ್ಬೊಬ್ಬರ ಮುಂದೆ ಒಂದು ನೀರಿನ ಲೋಟ, ಲೋಟಕ್ಕೊಂದು ಕಾಗದದ ಮುಚ್ಚಳ. ಮೇಜಿನ ತುದಿಯಲ್ಲಿ ಕಾರ್ಯದರ್ಶಿ ಎಂದಿನಂತೆ ಪೆನ್ನು ಹಿಡಿದು ಕೂತಿದ್ದರು. ಪ್ರೊಫೆಸರರ ಜೇಬಿನಲ್ಲಿ ಆ ಪತ್ರವಿತ್ತು.

“ಮೊದಲನೇ ವಿಷಯ” ಎಂದರು ಅಧ್ಯಕ್ಷರು. “ನಮ್ಮ ಕಾರ್ಯದರ್ಶಿಯವರು ಸ್ವಂತ ಕಾರಣದಿಂದ ರಾಜೀನಾಮೆ ಕೊಟ್ಟಿದ್ದಾರೆ. ಹದಿನಾಲ್ಕು ವರ್ಷದ ಸೇವೆಗೆ ಧನ್ಯವಾದ ಹೇಳಿ ಒಪ್ಕೊಳ್ಳೋಣ. ಪ್ರಶ್ನೆ ಏನಾದ್ರೂ?”

ಹೇಳು, ಈಗ ಹೇಳು ಎಂದು ಪ್ರೊಫೆಸರರ ಒಳಗಿನ ಮೇಷ್ಟ್ರು ಕೂಗಿದರು. ಅಧ್ಯಕ್ಷರು ಇವರತ್ತ ತಿರುಗಿ, ಇಬ್ಬರಿಗೆ ಮಾತ್ರ ಗೊತ್ತಿರುವ ಒಂದು ನಗೆ ನಕ್ಕರು. ಪ್ರೊಫೆಸರರ ಕೈ ಜೇಬಿನತ್ತ ಹೋಗಿ ಕರವಸ್ತ್ರ ತೆಗೆದುಕೊಂಡು ಬಂತು. ಆಕೆ ತನ್ನ ರಾಜೀನಾಮೆಯನ್ನು ತಾನೇ ಗುಂಡಗಿನ ಅಕ್ಷರದಲ್ಲಿ ಬರೆದುಕೊಂಡರು. ಇನ್ನೆರಡು ವಿಷಯ ಹಾಗೇ ದಾಟಿದವು. ಆಮೇಲೆ ಚಹಾ.

ಎಲ್ಲರೂ ಪಕ್ಕದ ಕೋಣೆಗೆ ಹೋದರು. ಕಾರ್ಯದರ್ಶಿ ಎದ್ದಿರಲಿಲ್ಲ. ಪ್ರೊಫೆಸರರು ಆಕೆಯ ಪಕ್ಕದ ಕುರ್ಚಿ ಎಳೆದು ಕೂತರು.

“ನೋಡಮ್ಮ, ತಪ್ಪು ನನ್ನದು. ಮಿನಿಟ್ಸ್ ವಿಷಯ ಚೇರ್ಮನ್‌ಗೆ ಹೇಳಿದ್ದು ನಾನೇ. ಕಳಿಸೋಕೆ ಹೇಳಿದ್ದೂ ನಾನೇ ಅಂತ ನನಗೇ ನೆನಪಿರ್ಲಿಲ್ಲ. ಆ ಪತ್ರ ನೀವು ಅವ್ರಿಗೆ ತೋರಿಸಬೇಕಿತ್ತು.”

“ತೋರಿಸಿದೆ ಸರ್. ಓದಿದ್ರು, ಮಡಚಿ ಜೇಬಿಗೆ ಹಾಕ್ಕೊಂಡ್ರು.”

“ಮತ್ತೆ ಯಾಕೆ?”

“ಮುಂದಿನ ವಿಷಯ ಮುಚ್ಚಳದ ಕಾರ್ಖಾನೆ ಕೊಂಡ್ಕೊಳ್ಳೋದು. ಅದು ಅವ್ರ ಭಾವಮೈದುನಂದು. ಆ ಸಂಬಂಧ ಟಿಪ್ಪಣೀಲಿ ಇರ್ಲೇಬೇಕು ಅಂತ ನಾನು ಹಟ ಹಿಡಿದೆ. ನಲವತ್ತನೇ ಪುಟದಲ್ಲಿ ಒಂದು ಸಾಲು ಉಳಿಸ್ಕೊಂಡಿದ್ದೆ. ನೀವು ನೋಡ್ತೀರಿ ಅಂದ್ಕೊಂಡಿದ್ದೆ.” ಆಕೆಯ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಪ್ರೊಫೆಸರರನ್ನು ಹೆಚ್ಚು ಸುಟ್ಟಿತು. “ನನ್ನ ತೆಗೆಯೋಕೆ ಅವ್ರಿಗೊಂದು ನೆಪ ಬೇಕಿತ್ತು. ನಿಮ್ಮ ಫೋನು ಬಂತು.”

ಪಕ್ಕದ ಕೋಣೆಯಿಂದ ಕಪ್ಪು-ಬಸಿಗಳ ಸದ್ದು, ನಗು ಕೇಳಿಬರುತ್ತಿತ್ತು. ಆದರೂ ಪ್ರೊಫೆಸರರ ಅನುಮಾನದ ಹುಳು ಪೂರ್ತಿ ಸತ್ತಿರಲಿಲ್ಲ.

“ಒಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಮುಂದಿನ ಸಭೆ ಯಾವಾಗ ಅಂತ ನಾನು ಕೇಳ್ದೆ ಅಂತ ಬರ್ದಿದೀರಲ್ಲ. ನಾನು ಕೇಳಿರ್ಲಿಲ್ಲ.”

“ಇಲ್ಲ ಸರ್. ಕೇಳಿರ್ಲಿಲ್ಲ.”

“ಗೇಲಿ ಮಾಡೋಕೆ ಬರೆದ್ರಾ?”

ಆಕೆ ಮೊದಲ ಸಲ ನೇರವಾಗಿ ನೋಡಿದರು. “ಅಯ್ಯೋ, ಯಾಕೆ ಸರ್ ಗೇಲಿ? ನೀವು ಬಂದ ಮೊದಲನೇ ವರ್ಷ ಬರ್ದು ಬರ್ದು ನನ್ನ ಕೈ ನೋಯ್ತಿತ್ತು. ಮನೇಗೆ ಹೋಗಿ ಮಗಳಿಗೆ ಹೇಳ್ತಿದ್ದೆ, ಒಬ್ಬರು ಮೇಷ್ಟ್ರು ಬಂದಿದ್ದಾರೆ, ಚೇರ್ಮನ್‌ಗೆ ಬೆವರು ಇಳಿಸ್ತಾರೆ ಅಂತ. ಆಮೇಲೆ ಆ ಆರನೇ ವರ್ಷ ಇಡೀ ಪುಸ್ತಕ ತಿರುವಿದ್ರೂ ನಿಮ್ಮ ಹೆಸರಿನ ಮುಂದೆ ಒಂದು ಮಾತಿಲ್ಲ. ನೋಡೋಕಾಗ್ಲಿಲ್ಲ. ಕೊನೇ ಸಭೇಲಿ ಯಾರಿಗೂ ತೊಂದರೆ ಆಗ್ದಿರೋ ಹಾಗೆ ಒಂದು ಸಾಲು ಸೇರಿಸಿದೆ. ನಾನು ಮಾಡಿದ್ದು ತಪ್ಪೇ. ಆದ್ರೆ ಬರೀ ಖಾಲಿ ಇರೋದು ಬೇಡ ಅನ್ನಿಸ್ತು.”

ಇಷ್ಟು ದಿನ ಪ್ರೊಫೆಸರರು ಊರಿನ ಮೇಲೆಲ್ಲ ಅನುಮಾನಪಟ್ಟಿದ್ದರು, ತಮ್ಮೊಬ್ಬರನ್ನು ಬಿಟ್ಟು. ಆರನೆಯ ವರ್ಷದ ಲೆಕ್ಕ ಒಂದಲ್ಲ, ಸೊನ್ನೆ. ಆ ಸೊನ್ನೆಯನ್ನು ಮುಚ್ಚಿಟ್ಟವಳನ್ನೇ ಅವರು ಮನೆಗೆ ಕಳಿಸಿದ್ದರು.

ನಿರ್ದೇಶಕರು ಬಾಯಿ ಒರೆಸಿಕೊಳ್ಳುತ್ತ ಒಬ್ಬೊಬ್ಬರೇ ಬಂದು ಕೂತರು. ಪ್ರೊಫೆಸರರು ತಮ್ಮ ಜಾಗಕ್ಕೆ ಹೋಗಿ ಕಾಗದದ ಕಟ್ಟಿನಲ್ಲಿ ನಲವತ್ತನೇ ಪುಟ ತೆಗೆದರು. ಕೆಳಗಿನಿಂದ ಮೂರನೇ ಸಾಲು, ಇರುವೆಯ ಕಾಲಿನಂಥ ಅಕ್ಷರ. ಮುಚ್ಚಳದ ಕಾರ್ಖಾನೆಯ ಮಾಲೀಕರು ಅಧ್ಯಕ್ಷರ ಸಂಬಂಧಿ.

“ಮುಚ್ಚಳದ ಕಾರ್ಖಾನೆ” ಎಂದರು ಅಧ್ಯಕ್ಷರು. “ಎಲ್ಲರೂ ಓದಿದ್ದೀರಿ. ಇದಾದ್ಮೇಲೆ ನಮ್ಮ ಮೇಷ್ಟ್ರನ್ನ ಇನ್ನೊಂದು ಅವಧಿಗೆ ಉಳಿಸ್ಕೊಳ್ಳೋ ಸಂತೋಷದ ವಿಷಯ ಇದೆ. ಬೇಗ ಮುಗಿಸೋಣ. ಪ್ರಶ್ನೆ ಇಲ್ಲ ತಾನೇ?”

“ಇದೆ” ಎಂದರು ಪ್ರೊಫೆಸರರು.

ಕಾಗದದ ಮುಚ್ಚಳ ತೆಗೆದು ಒಂದು ಗುಟುಕು ನೀರು ಕುಡಿದು, ಜೇಬಿನ ಪತ್ರವನ್ನು ಮೇಜಿನ ಮೇಲೆ ಬಿಡಿಸಿಟ್ಟರು.

“ಈ ಪತ್ರದಲ್ಲಿ ನಿಮ್ಮ ಸಹಿ, ನನ್ನ ಸಹಿ ಇದೆ. ಮಿನಿಟ್ಸ್ ಕಳಿಸಿ ಅಂತ ನಾವಿಬ್ಬರೇ ಹೇಳಿದ್ದು. ಅದಕ್ಕೆ ಈಯಮ್ಮನ ರಾಜೀನಾಮೆ ಯಾಕೆ ತಗೊಂಡ್ರಿ? ಇನ್ನೊಂದು. ಈ ಕಾರ್ಖಾನೆ ನಿಮ್ಮ ಭಾವಮೈದುನಂದು. ಇಂಥ ವಿಷಯಾನ ನಲವತ್ತನೇ ಪುಟದ ತಳದಲ್ಲಿ ಯಾಕೆ ಇಟ್ರಿ?”

ಯಾರದೋ ಕುರ್ಚಿ ಕಿರುಗುಟ್ಟಿತು. ಅಧ್ಯಕ್ಷರ ನಗೆ ತುಟಿಯ ಮೇಲೆ ಇದ್ದ ಹಾಗೇ ಇತ್ತು, ಕಣ್ಣು ಮಾತ್ರ ಬೇರೆಯಾಗಿತ್ತು. ಅವರು ಮೇಜಿನ ತುದಿಗೆ ತಿರುಗಿ, “ಇದೆಲ್ಲ ಬರ್ಕೊಳ್ಳೋದು ಬೇಡಮ್ಮ” ಎಂದರು.

ಕಾರ್ಯದರ್ಶಿಯ ಪೆನ್ನು ಹಾಳೆಯ ಮೇಲೆ ಹಾಗೇ ನಿಂತಿತು. ಆಕೆ ಅಧ್ಯಕ್ಷರನ್ನು ನೋಡಲಿಲ್ಲ, ಪ್ರೊಫೆಸರರನ್ನು ನೋಡಿದರು.

“ಬರ್ಕೊಳ್ಳಿ” ಎಂದರು ಪ್ರೊಫೆಸರರು. “ಇದು ನಾನೇ ಕೇಳಿದ್ದು.”